ನಾಲ್ಕು ಅಂಕಿಯ ಜಾಗ

ಇಂಧನ ಉಳಿತಾಯ ಇಲಾಖೆಯ ಕಾಂಪೌಂಡ್ ಗೋಡೆ ಮೂವತ್ತು ಮಾರು ಉದ್ದವಿತ್ತು. ಅದರ ಮೇಲಿನ ವಾಕ್ಯವೂ ಅಷ್ಟೇ ಉದ್ದವಿತ್ತು. ಇಂಥ ಇಸವಿಯ ಹೊತ್ತಿಗೆ ನಮ್ಮ ನಾಡು ತೈಲದ ಹಂಗನ್ನು ತೊರೆಯಲಿದೆ ಎಂಬ ಆ ವಾಕ್ಯವನ್ನು ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತ, ಮಾಸಿದಾಗ ತಿದ್ದುತ್ತ ಬಂದವನು ಗೆರೆಯಪ್ಪ. ಅವನ ನಿಜವಾದ ಹೆಸರು ಇಲಾಖೆಯ ಹಾಜರಿ ಪುಸ್ತಕದಲ್ಲಿ ಇರಬೇಕಿತ್ತು. ಆದರೆ ದಿನಗೂಲಿಯವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವುದಿಲ್ಲ. ಅಕ್ಷರ ಬರೆಯುವ ಮುನ್ನ ದಾರಕ್ಕೆ ಸೀಮೆಸುಣ್ಣ ಮೆತ್ತಿ, ಬಿಗಿಯಾಗಿ ಎಳೆದು ಹಿಡಿದು, ಗೋಡೆಗೆ ಚಿಟ್ಟನೆ ಬಡಿದು ಗೆರೆ ಮೂಡಿಸುತ್ತಿದ್ದುದರಿಂದ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಮನೆಯಲ್ಲಿ ಹೆಂಡತಿಯೂ ಕೋಪ ಬಂದಾಗ ಅದನ್ನೇ ಬಳಸುತ್ತಿದ್ದಳು.

ಗೆರೆಯಪ್ಪನ ಕೆಲಸದಲ್ಲಿ ಒಂದು ಗುಟ್ಟಿತ್ತು. ವಾಕ್ಯವನ್ನು ಅವನು ಆಯಿಲ್ ಪೇಂಟಿನಲ್ಲಿ ಬರೆಯುತ್ತಿದ್ದ, ಇಸವಿಯನ್ನು ಮಾತ್ರ ನೀರುಬಣ್ಣದಲ್ಲಿ. ವಾಕ್ಯ ಎಂದೂ ಬದಲಾಗುತ್ತಿರಲಿಲ್ಲ, ಇಸವಿ ಸಚಿವರು ಬದಲಾದಾಗಲೆಲ್ಲ ಬದಲಾಗುತ್ತಿತ್ತು. ಮೊದಲ ಎರಡು ಸಲ ಇಸವಿಯನ್ನೂ ಆಯಿಲ್ ಪೇಂಟಿನಲ್ಲೇ ಬರೆದು, ಆಮೇಲೆ ಅದನ್ನು ಉಜ್ಜಿ ಉಜ್ಜಿ ಭುಜ ಹಿಡಿದುಕೊಂಡು ಒಂದು ವಾರ ಮಲಗಿದ್ದ. ಮೂರನೆಯ ಸಲ ಯಾರನ್ನೂ ಕೇಳದೆ ನೀರುಬಣ್ಣ ಬಳಸಿದ. ಮೇಲ್ವಿಚಾರಕರು ಬಂದು ಗೋಡೆ ನೋಡಿದರು, ಬೆರಳು ಒದ್ದೆ ಮಾಡಿ ಒಂದು ಅಂಕಿಯನ್ನು ಸವರಿದರು, ನೀಲಿಯಾದ ಬೆರಳನ್ನು ನೋಡಿಕೊಂಡರು. ಏನೂ ಹೇಳಲಿಲ್ಲ. ಮುಂದಿನ ತಿಂಗಳ ಸಾಮಾನಿನ ಪಟ್ಟಿಯಲ್ಲಿ ನೀರುಬಣ್ಣ ಅರ್ಧ ಡಬ್ಬಿ ಎಂದು ತಾನಾಗಿಯೇ ಸೇರಿಕೊಂಡಿತ್ತು. ತೈಲ ಬಿಡುವ ಮಾತನ್ನು ತೈಲದ ಬಣ್ಣದಲ್ಲೇ ಬರೆಯುವುದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಗೆರೆಯಪ್ಪನಿಗಾಗಲಿ ಇಲಾಖೆಗಾಗಲಿ ಎಂದೂ ಅನ್ನಿಸಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೇಲ್ವಿಚಾರಕರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

"ಗೆರೆಯಪ್ಪಾ, ಹೊಸ ಸಚಿವರು ಬಂದಿದ್ದಾರೆ. ಹಳೇ ಇಸವಿ ಒರೆಸಿಬಿಡು. ಹೊಸದು ಇನ್ನು ಹತ್ತು ನಿಮಿಷದಲ್ಲಿ ಫೋನಲ್ಲಿ ಬರುತ್ತೆ."

ಗೆರೆಯಪ್ಪ ಒದ್ದೆ ಬಟ್ಟೆಯಿಂದ ಐದೇ ನಿಮಿಷದಲ್ಲಿ ಇಸವಿಯನ್ನು ಇಲ್ಲವಾಗಿಸಿದ. ಏಣಿಯ ಮೇಲಿನಿಂದ ಹತ್ತಿರ ನೋಡಿದರೆ ಮಾತ್ರ ಹಳೆಯ ಅಂಕಿಗಳ ತಿಳಿನೀಲಿ ನೆರಳು ಕಾಣುತ್ತಿತ್ತು. ಬೀದಿಗೆ ಕಾಣುತ್ತಿದ್ದುದು ಬರಿದಾದ ಬಿಳಿ ಜಾಗ. ಅವನು ಗೆರೆ ಹೊಡೆದು, ಕುಂಚ ಅದ್ದಿಕೊಂಡು, ಏಣಿಯ ಮೇಲೆ ಕಾದ. ಒಮ್ಮೆ ಕುಂಚ ಅದ್ದಿದರೆ ಕೆಲಸ ಮುಗಿಯುವವರೆಗೆ ಏಣಿ ಇಳಿಯಬಾರದು ಎಂಬುದು ಅವನ ಗುರು ಹೇಳಿಕೊಟ್ಟ ಪಾಠ. ಹತ್ತು ನಿಮಿಷವಾಯಿತು. ಹನ್ನೊಂದು ಗಂಟೆಯಾಯಿತು. ಹನ್ನೆರಡಾಯಿತು. ಫೋನು ಬರಲಿಲ್ಲ.

ಎದುರಿನ ಕಟಿಂಗ್ ಶಾಪಿನವನು ಕತ್ತಿ ಹಿಡಿದೇ ಹೊರಗೆ ಬಂದ. ಅವನ ಹಿಂದೆ ನಿವೃತ್ತ ಮೇಷ್ಟ್ರು, ಅರ್ಧ ಗಡ್ಡ ಬೋಳಿಸಿಕೊಂಡು, ಉಳಿದರ್ಧ ನೊರೆಯಲ್ಲಿದ್ದಂತೆಯೇ ಬಂದರು.

"ಏನಪ್ಪಾ, ಎರಡು ಗಂಟೆ ಹೊತ್ತಿನಿಂದ ಹಾಗೇ ನಿಂತಿದ್ದೀಯ? ಇಸವಿ ಎಲ್ಲಿ?" ಎಂದರು ಮೇಷ್ಟ್ರು.

'ನನಗೆ ಗೊತ್ತಿಲ್ಲ' ಎಂದು ಅವನು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಊರೂ ನೆಮ್ಮದಿಯಾಗಿರುತ್ತಿತ್ತು. ಆದರೆ ಏಣಿಯ ಮೇಲೆ ನಿಂತವನು, ಕೆಳಗಿನವರು ಕತ್ತೆತ್ತಿ ನೋಡುತ್ತಿರುವಾಗ, ಗೊತ್ತಿಲ್ಲ ಎನ್ನುವುದು ಬಹಳ ಕಷ್ಟ. ಗೆರೆಯಪ್ಪ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ:

"ಅದನ್ನ ಈಗ ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ವಾ?"

"ಮೇಲೆ ಇನ್ನೂ ಲೆಕ್ಕ ನಡೀತಿದೆ."

ಮೇಷ್ಟ್ರ ಕೆನ್ನೆಯ ನೊರೆ ಅಲ್ಲೇ ಒಣಗತೊಡಗಿತು. ಈ ಮೇಷ್ಟ್ರು ಆ ಬೀದಿಯಲ್ಲಿ ಗೋಡೆಯನ್ನು ನಂಬದವರಿಗೆಲ್ಲ ಮುಖಂಡರು. ಗೋಡೆಯ ಮೇಲೆ ಈವರೆಗೆ ಬಂದ ಇಸವಿಗಳನ್ನೆಲ್ಲ ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದರು. ಅವುಗಳಲ್ಲಿ ಎರಡು ಆಗಲೇ ಬಂದು ಹೋಗಿದ್ದವು, ತೈಲ ಎಲ್ಲಿಗೂ ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಇಸವಿಯನ್ನು ಗಟ್ಟಿಯಾಗಿ ಓದಿ "ಹ್ಹ!" ಎಂದು ಒಮ್ಮೆ ನಗುವುದು ಅವರ ರೂಢಿ. ಆ ನಗು ಕೇಳಿದ ಮೇಲೆಯೇ ಕಟಿಂಗ್ ಶಾಪಿನವನು ಬಾಗಿಲು ತೆಗೆಯುತ್ತಿದ್ದ. ಈಗ ಮಾತ್ರ ಮೇಷ್ಟ್ರು ನಗಲಿಲ್ಲ.

"ಲೆಕ್ಕ ನಡೀತಿದೆ ಅಂದ್ಯಾ? ಹಿಂದೆ ಯಾವತ್ತಾದ್ರೂ ಲೆಕ್ಕ ಹಾಕಿದ್ರಾ?"

"ಇಲ್ಲ ಮೇಷ್ಟ್ರೇ. ಹಿಂದೆಲ್ಲ ಹತ್ತು ನಿಮಿಷದಲ್ಲಿ ಬಂದುಬಿಡ್ತಿತ್ತು."

ಮೇಷ್ಟ್ರು ಖಾಲಿ ಜಾಗವನ್ನು ದಿಟ್ಟಿಸಿದರು. ಆಮೇಲೆ ಕಟಿಂಗ್ ಶಾಪಿನವನ ಹೆಗಲು ಹಿಡಿದುಕೊಂಡರು.

"ಸುಳ್ಳು ಹೇಳೋನು ಥಟ್ ಅಂತ ಇಸವಿ ಬರೀತಾನೆ ಕಣಯ್ಯಾ. ಬರೆಯೋಕೆ ಕೈ ಬರ್ತಿಲ್ಲ ಅಂದ್ರೆ ಅವರಿಗೆ ನಿಜವಾದ ಇಸವಿ ಗೊತ್ತಾಗಿದೆ ಅಂತ ಅರ್ಥ. ಹತ್ತಿರದ್ದೇ ಇರಬೇಕು. ಬರೆದ್ರೆ ಜನ ಗಾಬರಿ ಆಗ್ತಾರೆ ಅಂತ ಮುಚ್ಚಿಟ್ಟಿದ್ದಾರೆ. ಈ ಸಲ ನಿಜ! ಪೆಟ್ರೋಲು ನಿಲ್ಲುತ್ತೆ!"

"ಮೇಷ್ಟ್ರೇ, ಇನ್ನರ್ಧ ಗಡ್ಡ..."

"ಗಡ್ಡ ಆಮೇಲೆ. ಸ್ಕೂಟರ್ ತರ್ತೀನಿ."

ಮೇಷ್ಟ್ರು ನಂಬಿದರು ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಲು ಕಾಲು ಗಂಟೆಯೂ ಬೇಕಾಗಲಿಲ್ಲ. ಸರ್ಕಾರ ಹೇಳಿದ್ದಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಮೇಷ್ಟ್ರು ಅರ್ಧ ಗಡ್ಡದಲ್ಲಿ ಓಡಿದ್ದನ್ನು ಕಣ್ಣಾರೆ ಕಂಡ ಮೇಲೆ ಅನುಮಾನಕ್ಕೆ ಎಡೆ ಎಲ್ಲಿ? ಗೋಡೆ ಮುಗಿಯುವಲ್ಲಿದ್ದ ಪೆಟ್ರೋಲ್ ಬಂಕಿನ ಮುಂದೆ ಸಾಲು ಬೆಳೆಯಿತು. ಜನ ಕ್ಯಾನು ತಂದರು, ಬಕೆಟ್ಟು ತಂದರು, ಹೂವಿನ ಗಿಡಕ್ಕೆ ನೀರು ಹಾಕುವ ಡಬ್ಬಿ ತಂದರು. ಒಬ್ಬ ಮೀನು ಸಾಕುವ ಗಾಜಿನ ತೊಟ್ಟಿಯನ್ನೇ ಹೊತ್ತು ತಂದ. ಮೀನುಗಳನ್ನು ಎಲ್ಲಿ ಬಿಟ್ಟು ಬಂದೆ ಎಂದು ಯಾರೂ ಕೇಳಲಿಲ್ಲ. ಇನ್ನೊಬ್ಬ ಕುಕ್ಕರ್ ಹಿಡಿದು ನಿಂತಿದ್ದ.

"ನಿನ್ನ ಗಾಡಿ ಯಾವುದಪ್ಪಾ?" ಎಂದು ಹಿಂದಿನವನು ಕೇಳಿದ.

"ಗಾಡಿ ಇಲ್ಲ. ಆದ್ರೂ ಇರಲಿ."

ಬಂಕಿನ ಮ್ಯಾನೇಜರು ಬೆವರೊರೆಸಿಕೊಳ್ಳುತ್ತ ಏಣಿಯ ಕೆಳಗೆ ಬಂದು ನಿಂತ.

"ಗೆರೆಯಪ್ಪಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ನಿಜ ಹೇಳು. ನಾನು ಬೇರೆ ಕೆಲಸ ನೋಡ್ಕೋಬೇಕಾ?"

ಗೆರೆಯಪ್ಪನಿಗೆ ಈಗ ಏಣಿ ಸ್ವಲ್ಪ ಅಲುಗಿದಂತಾಯಿತು. "ನನಗೆ ಗೊತ್ತಿಲ್ಲಪ್ಪಾ. ದೇವರಾಣೆ ಗೊತ್ತಿಲ್ಲ," ಎಂದ.

ಮ್ಯಾನೇಜರು ಅವನ ಮುಖವನ್ನೇ ನೋಡುತ್ತ ಹಿಂದಕ್ಕೆ ಸರಿದ. "ಇಷ್ಟೊಂದು ಗೊತ್ತಿದೆಯಾ?" ಎಂದವನೇ ಬಂಕಿಗೆ ಓಡಿ ತನ್ನ ಬೈಕಿಗೆ ಟ್ಯಾಂಕು ತುಂಬಿಸಿಕೊಂಡ.

ಸಂಜೆ ಐದಕ್ಕೆ ಮೇಲ್ವಿಚಾರಕರು ಕಿಟಕಿಯಿಂದ ಇಳಿ ಎಂದರು. ಗೆರೆಯಪ್ಪ ಜೀವಮಾನದಲ್ಲಿ ಮೊದಲ ಸಲ, ಒಣಗಿದ ಕುಂಚ ಹಿಡಿದು, ಕೆಲಸ ಮುಗಿಸದೆ ಏಣಿ ಇಳಿದ.

ಮನೆಯೆಂದರೆ ಪಂಕ್ಚರ್ ಅಂಗಡಿಯ ಮೇಲಿನ ಒಂದೇ ಕೋಣೆ. ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ವಾಸನೆ ಹೊಡೆಯಿತು. ಮಂಚದ ಕೆಳಗೆ ಆರು ಕ್ಯಾನುಗಳು ಸಾಲಾಗಿ ಕೂತಿದ್ದವು. ಮಂಚದ ಮೇಲೆ ಹೆಂಡತಿಯ ತಮ್ಮ ಕೂತಿದ್ದ. ಅವನು ಟ್ಯಾಕ್ಸಿ ಓಡಿಸುವವನು.

"ಭಾವ, ಒಂದೇ ಒಂದು ಮಾತು. ಟ್ಯಾಕ್ಸಿ ಮಾರಿಬಿಡ್ಲಾ, ಇಟ್ಕೊಳ್ಳಲಾ?"

"ನನಗೆ ಗೊತ್ತಿಲ್ಲ ಮಾರಾಯ."

"ಅಂದ್ರೆ ಮಾರು ಅಂತ."

"ಹಾಗಂದಿಲ್ಲ."

"ಅಂದ್ರೆ ಇಟ್ಕೋ ಅಂತ."

"ಹಾಗೂ ಅಂದಿಲ್ಲ."

"ಭಾವ, ನೀವು ಮಂತ್ರಿ ಆಗಬೇಕಿತ್ತು. ಸುಮ್ನೆ ಗೋಡೆ ಬಳ್ಕೊಂಡು ಕೂತ್ರಿ."

ಹೆಂಡತಿ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡಳು. "ಕಟಿಂಗ್ ಶಾಪಿನವನಿಗೆ ಹೇಳ್ತೀರಿ, ಮೇಷ್ಟ್ರಿಗೆ ಹೇಳ್ತೀರಿ. ಕಟ್ಕೊಂಡವಳಿಗೆ ಮಾತ್ರ ಗೊತ್ತಿಲ್ಲ ಅಂತೀರಿ."

"ನಿಜವಾಗ್ಲೂ ಗೊತ್ತಿಲ್ವೇ!"

"ಅದಿರಲಿ. ನಿಮ್ಮ ಕಾಗದದ ಕಥೆ ಏನಾಯ್ತು? ಶನಿವಾರ ನಿಮಗೆ ಐವತ್ತು ತುಂಬುತ್ತೆ. ಐವತ್ತು ತುಂಬಿದವರನ್ನ ಕಾಯಂ ಮಾಡಲ್ಲ ಅಂತ ನೀವೇ ಹೇಳಿದ್ದು. ಉಳಿದಿರೋದು ನಾಲ್ಕು ದಿನ. ಈ ಗೋಡೆ ಗದ್ದಲದಲ್ಲಿ ಅದೂ ಕೈತಪ್ಪಿ ಹೋದ್ರೆ?"

"ಈ ವಾರ ಖಂಡಿತ ಆಗುತ್ತೆ."

ಹೆಂಡತಿ ಮೂಲೆಯ ಖಾಲಿ ಬಿಂದಿಗೆಯತ್ತ ನೋಡಿದಳು. ಕಾಯಂ ಆದರೆ ಇಲಾಖೆಯ ಹಿಂದಿನ ಎರಡು ಕೋಣೆಯ ಮನೆ ಸಿಗುತ್ತದೆ, ಒಳಗೇ ನಲ್ಲಿ ಇರುತ್ತದೆ ಎಂದು ಅವನು ಮದುವೆಯ ವರ್ಷ ಹೇಳಿದ್ದ. ಕೆಳಗಿನ ನಲ್ಲಿಯಿಂದ ಬಿಂದಿಗೆ ಹೊತ್ತು ಅವಳು ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಿದ್ದಳೋ. "ನೀವು ಪ್ರತಿ ವರ್ಷ ಹೇಳ್ತೀರಿ, ನಾನು ಹೂಂ ಅಂತೀನಿ," ಎಂದಳು ಕೊನೆಗೆ. "ನಂಬಿ ಹೂಂ ಅಂದಿದ್ದು ಅಂದ್ಕೊಂಡಿದ್ರಾ?"

ಕ್ಯಾನುಗಳ ಪಕ್ಕದಲ್ಲಿ ಒಲೆ ಹಚ್ಚುವ ಧೈರ್ಯ ಯಾರಿಗೂ ಆಗಲಿಲ್ಲ. ಮೂವರೂ ಬಾಳೆಹಣ್ಣು ತಿಂದು ನೀರು ಕುಡಿದರು.

ಮಂಗಳವಾರ ಬೆಳಿಗ್ಗೆ ನಿರ್ದೇಶಕರ ಕೋಣೆಗೆ ಕರೆ ಬಂತು. ನಿರ್ದೇಶಕರು ಮೇಜಿನ ಹಿಂದೆ, ಮೇಲ್ವಿಚಾರಕರು ಮೇಜಿನ ಪಕ್ಕ, ಹೊಸದಾಗಿ ಸೇರಿದ ಟೈಪಿಸ್ಟು ಮೂಲೆಯಲ್ಲಿ, ಜವಾನ ಬಾಗಿಲಲ್ಲಿ ಇದ್ದರು. ಗೆರೆಯಪ್ಪ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಫ್ಯಾನಿನ ನೇರ ಕೆಳಗೆ ನಿಂತ.

"ಜಾಗ ಖಾಲಿ ಬಿಡು ಅಂತ ನಿನಗೆ ಹೇಳಿದ್ದು ಯಾರು?"

ಗೆರೆಯಪ್ಪ ಮೇಲ್ವಿಚಾರಕರನ್ನು ನೋಡಿದ. ಮೇಲ್ವಿಚಾರಕರು ಫ್ಯಾನನ್ನು ನೋಡಿದರು.

"ಒರೆಸು ಅಂದಿದ್ದೆ ಸಾರ್," ಎಂದರು ಮೇಲ್ವಿಚಾರಕರು ಫ್ಯಾನಿಗೆ. "ಖಾಲಿ ಬಿಡು ಅಂದಿರಲಿಲ್ಲ."

"ಒರೆಸಿದ್ರೆ ಖಾಲಿ ಆಗುತ್ತಲ್ಲ ಸಾರ್?"

"ನೋಡಿದ್ರಾ ಸಾರ್, ಎದುರು ವಾದಿಸ್ತಾನೆ!"

ಗೆರೆಯಪ್ಪ ವಾದಿಸಿರಲಿಲ್ಲ. ಅವನಿಗೆ ನಿಜಕ್ಕೂ ಅದು ಅರ್ಥವಾಗಿರಲಿಲ್ಲ. ನಿರ್ದೇಶಕರು ಮೇಜಿನ ಖಾನೆಯಿಂದ ಒಂದು ಕಡತ ತೆಗೆದು, ಅದರ ಧೂಳು ಊದಿದರು.

"ಇದು ನಿನ್ನ ಕಾಯಂ ಕಡತ. ನಾಳೆ ಸಚಿವರು ಬರ್ತಿದ್ದಾರೆ. ಅಷ್ಟರಲ್ಲಿ ಆ ಬೀದಿ ಮೊದಲಿನ ಹಾಗೆ ಆಗಬೇಕು. ಇಲ್ಲದಿದ್ರೆ ಈ ಕಡತ ಇಲ್ಲೇ ಇರುತ್ತೆ, ನೀನು ಮಾತ್ರ ಇರಲ್ಲ."

"ಯಾವುದಾದ್ರೂ ಒಂದು ಇಸವಿ ಹೇಳಿಬಿಡಿ ಸಾರ್. ಈಗಲೇ ಬರೆದುಬಿಡ್ತೀನಿ."

ಕೋಣೆಯಲ್ಲಿ ಎಲ್ಲರೂ ಯೋಚನೆಗೆ ಬಿದ್ದರು.

"ಇನ್ನು ಒಂಬತ್ತು ವರ್ಷ ಅನ್ನೋಣ," ಎಂದರು ನಿರ್ದೇಶಕರು. ಅವರ ನಿವೃತ್ತಿಗೆ ಎಂಟು ವರ್ಷವಿತ್ತು.

ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡರು. "ಹನ್ನೆರಡು ಅಂದ್ರೆ ಇನ್ನೂ ಗಟ್ಟಿ ಸಾರ್." ಅವರಿಗೆ ಹನ್ನೊಂದು ಉಳಿದಿತ್ತು.

ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ಟೈಪಿಸ್ಟು ಮೂಲೆಯಿಂದ, "ಮೂವತ್ತೈದು ಅಂತಿಟ್ಟರೆ ಯಾರಿಗೂ ತೊಂದರೆ ಆಗಲ್ಲ ಸಾರ್," ಎಂದ.

ಬಾಗಿಲಲ್ಲಿದ್ದ ಜವಾನನಿಗೆ ನಿವೃತ್ತಿ ಬರುವ ತಿಂಗಳು. ಅವನು ಉದಾರವಾಗಿ ಹೇಳಿದ: "ಬರೋ ವರ್ಷವೇ ಹಾಕಿ ಸಾರ್. ನನ್ನದೇನೂ ಅಭ್ಯಂತರ ಇಲ್ಲ."

ಸಚಿವಾಲಯದಲ್ಲೂ ಇದೇ ಹೊತ್ತಿಗೆ ಇದೇ ಚರ್ಚೆ ನಡೆಯುತ್ತಿತ್ತು, ಅದಕ್ಕೇ ಫೋನು ಬಂದಿರಲಿಲ್ಲ ಎಂಬುದು ಗೆರೆಯಪ್ಪನಿಗೆ ಹೇಗೆ ಗೊತ್ತಾಗಬೇಕು? ಅವನು ಒಂಬತ್ತು, ಹನ್ನೆರಡು, ಮೂವತ್ತೈದು, ಒಂದು ಎಂದು ಬೆರಳು ಮಡಿಚುತ್ತ ಹೊರಗೆ ಬಂದ. ಕೂಡಬೇಕೋ, ಕಳೆಯಬೇಕೋ ತಿಳಿಯಲಿಲ್ಲ. ಮತ್ತೆ ಏಣಿ ಹತ್ತಿ, ಅಲ್ಲೇ ನಿಂತ. ಅವನು ಮತ್ತೆ ಏಣಿ ಹತ್ತಿ ಬರೆಯದೆ ನಿಂತಿದ್ದು ನೋಡಿ ಜನಕ್ಕೆ ಇದ್ದಬದ್ದ ಅನುಮಾನವೂ ಹೋಯಿತು. ಮಧ್ಯಾಹ್ನದೊಳಗೆ ಬಂಕು ಬರಿದಾಯಿತು. ಸಂಜೆಯೊಳಗೆ ಊರಿನ ಉಳಿದ ಬಂಕುಗಳೂ ಬಾಗಿಲು ಹಾಕಿದವು. ಪೆಟ್ರೋಲು ಕೈಗೆ ಬಂದವರು ಅದು ಮುಗಿದುಬಿಟ್ಟರೆ ಎಂಬ ಭಯಕ್ಕೆ ಗಾಡಿಗಳನ್ನು ಹೊರಗೆ ತೆಗೆಯಲಿಲ್ಲ. ಕೈಗೆ ಬಾರದವರ ಗಾಡಿಗಳು ಹೇಗೂ ಓಡುವಂತಿರಲಿಲ್ಲ.

ಬುಧವಾರ ಬೆಳಿಗ್ಗೆ ಏಣಿಯ ಮೇಲೆ ನಿಂತ ಗೆರೆಯಪ್ಪನಿಗೆ ತನ್ನ ಕಿವಿ ಕೆಟ್ಟಿತೇ ಎಂದು ಅನುಮಾನವಾಯಿತು. ಬೀದಿಯಲ್ಲಿ ಸದ್ದೇ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಎಂದೂ ಕೇಳದ್ದೆಲ್ಲ ಈಗ ಕೇಳಿಸುತ್ತಿತ್ತು: ಕಟಿಂಗ್ ಶಾಪಿನ ಕತ್ತರಿಯ ಚಕಚಕ, ಎರಡನೆಯ ಮಹಡಿಯಲ್ಲಿ ಯಾರೋ ಸೀನಿದ್ದು. ಗೋಡೆಯ ಮೇಲೆ ಇರುವೆ ಹರಿದರೂ ಕೇಳಿಸೀತು ಅನ್ನುವಂಥ ಮೌನ. ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ದೀಪ ಯಾರಿಗೂ ಅಲ್ಲದೆ ಕೆಂಪಾಗುತ್ತಿತ್ತು, ಹಸಿರಾಗುತ್ತಿತ್ತು. ಜನ ಮೆಲ್ಲಗೆ ನಡೆದುಕೊಂಡು ಹೋಗುತ್ತಿದ್ದರು. ಗೋಡೆಯ ಮೇಲಿನ ವಾಕ್ಯ ಇಪ್ಪತ್ತೆರಡು ವರ್ಷಗಳ ಮೇಲೆ ಒಂದು ದಿನದ ಮಟ್ಟಿಗೆ ನಿಜವಾಗಿತ್ತು. ಇಂಧನ ಉಳಿತಾಯ ಇಲಾಖೆಯ ಯಾರೊಬ್ಬರೂ ಅದನ್ನು ಗಮನಿಸಲಿಲ್ಲ. ಕಚೇರಿಗೆ ನಡೆದೇ ಬರಬೇಕಾಯಿತಲ್ಲ ಎಂಬ ಸಿಟ್ಟಿನಲ್ಲಿ ಅವರು ಕಾಲು ಒತ್ತಿಕೊಳ್ಳುತ್ತಿದ್ದರು.

ಹತ್ತೂವರೆಗೆ ಆ ಮೌನದ ನಡುವೆ ಒಂದೇ ಒಂದು ಟ್ಯಾಕ್ಸಿ ಬಂತು. ಬೀದಿಯೇ ತಿರುಗಿ ನೋಡಿತು. ಓಡಿಸುತ್ತಿದ್ದವನು ಗೆರೆಯಪ್ಪನ ಭಾವಮೈದ. ಹಿಂದಿನ ಸೀಟಿನಲ್ಲಿ, ಎರಡು ಕ್ಯಾನುಗಳ ನಡುವೆ ಇಕ್ಕಟ್ಟಾಗಿ ಸಚಿವರು ಕೂತಿದ್ದರು.

"ಊರ ಹೊರಗೆ ಇವರ ಕಾರು ನಿಂತುಹೋಗಿತ್ತು ಭಾವ," ಎಂದು ಅವನು ಗೋಡೆಯಾಚೆಗೂ ಕೇಳುವಂತೆ ಕೂಗಿದ. "ಟ್ಯಾಕ್ಸಿ ಮಾರಲ್ಲ. ತೀರ್ಮಾನ ಮಾಡಿದೆ!"

ನಿರ್ದೇಶಕರು ಹೂವಿನ ಗುಚ್ಛ ಹಿಡಿದು ಓಡಿ ಬಂದರು. ಸಚಿವರು ಅದನ್ನು ತೆಗೆದುಕೊಂಡು ಟ್ಯಾಕ್ಸಿಯ ಮೇಲಿಟ್ಟು, ನೇರ ಏಣಿಯ ಬಳಿಗೆ ನಡೆದರು. ಗೆರೆಯಪ್ಪನನ್ನು ಇಳಿಸಿ, ಹೆಗಲ ಮೇಲೆ ಕೈ ಹಾಕಿ, ಏಣಿಯ ಮರೆಗೆ ಕರೆದುಕೊಂಡು ಹೋದರು.

"ಇಸವಿ ನಿನಗೆ ಗೊತ್ತಂತಲ್ಲಪ್ಪಾ?" ಎಂದು ಸಚಿವರು ಪಿಸುಗುಟ್ಟಿದರು.

ಗೆರೆಯಪ್ಪ ಕಣ್ಣು ಕಣ್ಣು ಬಿಟ್ಟ. "ನನಗಾ ಸ್ವಾಮೀ?"

"ಸಚಿವಾಲಯದಲ್ಲೆಲ್ಲ ಅದೇ ಮಾತು. ಗೋಡೆ ಬರೆಯೋನು ಒಬ್ಬ ಇದ್ದಾನೆ, ಅವನಿಗೆಲ್ಲ ಗೊತ್ತು, ಬಾಯಿ ಬಿಡ್ತಿಲ್ಲ ಅಂತ. ನಾನು ಎರಡು ಸಮಿತಿಗಳನ್ನ ಕೇಳಿದೆ, ಒಂದೊಂದು ಒಂದೊಂದು ಹೇಳ್ತು. ನನ್ನ ಹತ್ರ ಮುಚ್ಚಿಡಬೇಡ. ನಾನು ಸಚಿವ."

"ನನಗೆ ಗೊತ್ತಿಲ್ಲ ಸ್ವಾಮೀ. ನೀವು ಹೇಳ್ತೀರಿ ಅಂತ ಮೂರು ದಿನದಿಂದ ಕಾಯ್ತಾ ಇದ್ದೀನಿ."

ಸಚಿವರು ಅವನ ಮುಖ ನೋಡಿದರು. ಮೂರು ದಿನಗಳಲ್ಲಿ ಅವನ ಆ ಮಾತನ್ನು ನಂಬಿದವರು ಅವರೊಬ್ಬರೇ. ಅವರು ತಲೆ ತಗ್ಗಿಸಿದರು, ಬೂಟಿನ ತುದಿಯಿಂದ ಒಂದು ಕಲ್ಲನ್ನು ಉರುಳಿಸಿದರು.

"ನನಗೂ ಗೊತ್ತಿಲ್ಲ," ಎಂದರು.

ಸಚಿವರು ಕತ್ತೆತ್ತಿ ಗೋಡೆಯ ಖಾಲಿ ಜಾಗ ನೋಡಿದರು.

"ಮೊದಲೆಲ್ಲ ಇಸವಿ ಇದ್ದಾಗ ಜನ ಏನು ಮಾಡ್ತಿದ್ರು?"

"ಓದಿ ನಗ್ತಿದ್ರು ಸ್ವಾಮೀ."

"ಆಮೇಲೆ?"

"ಆಮೇಲೆ ಪೆಟ್ರೋಲ್ ಹಾಕಿಸ್ಕೊಂಡು ಅವರವರ ಕೆಲಸಕ್ಕೆ ಹೋಗ್ತಿದ್ರು."

"ಗಲಾಟೆ?"

"ಏನೂ ಇರಲಿಲ್ಲ."

ಸಚಿವರು ನಿಟ್ಟುಸಿರುಬಿಟ್ಟರು. "ಅದೇ ಚೆನ್ನಾಗಿತ್ತಲ್ಲಪ್ಪಾ. ಈ ಜನ ನಂಬಿಬಿಟ್ರೆ ಆಳೋದು ಹೇಗೆ? ಹೋಗು, ಏನಾದ್ರೂ ಬರಿ. ಯಾರೂ ನಂಬದ ಹಾಗೆ ಬರಿ."

ಗೆರೆಯಪ್ಪ ಏಣಿ ಹತ್ತಿದ. ಏನಾದರೂ ಎಂದರೆ ಏನು? ಒಂಬತ್ತೇ, ಹನ್ನೆರಡೇ, ಮೂವತ್ತೈದೇ? ಕುಂಚದಿಂದ ನೀಲಿ ಹನಿಯೊಂದು ಅಂಗಿಯ ಮೇಲೆ ಬಿತ್ತು. ಕೆಳಗೆ ಇಡೀ ಬೀದಿ, ಅದರ ಮುಂದೆ ಸಚಿವರು, ಅವರ ಹಿಂದೆ ನಿರ್ದೇಶಕರು, ನಿರ್ದೇಶಕರ ಕಂಕುಳಲ್ಲಿ ಅವನ ಕಡತ. ತಲೆ ಚಿಟ್ಟು ಹಿಡಿದು ಅವನು ಗೋಡೆಗೆ ಮುಖ ಹತ್ತಿರ ತಂದ. ಆಗ ಓರೆ ಬಿಸಿಲಿನಲ್ಲಿ ಅವನಿಗೆ ಸೋಮವಾರ ಒರೆಸಿದ ಅಂಕಿಗಳ ತಿಳಿನೀಲಿ ನೆರಳು ಕಂಡಿತು. ಮುಂದೆ ಯೋಚಿಸಬೇಕಾದದ್ದೇನೂ ಇರಲಿಲ್ಲ. ಕೈ ತಾನಾಗಿಯೇ ಆ ನೆರಳಿನ ಮೇಲೆ ನಡೆಯಿತು. ಒಂದು ಅಂಕಿ, ಎರಡು ಅಂಕಿ, ಮೂರು, ನಾಲ್ಕು. ಹಿಂದಿನ ಸಚಿವರ ಅದೇ ಇಸವಿ ಗೋಡೆಯ ಮೇಲೆ ಹೊಚ್ಚ ಹೊಸದಾಗಿ ಮಿಂಚಿತು.

ಅರ್ಧ ಗಡ್ಡದ ಮೇಷ್ಟ್ರು ಗುಂಪನ್ನು ಸರಿಸಿ ಮುಂದೆ ಬಂದರು. ಇಸವಿಯನ್ನು ಗಟ್ಟಿಯಾಗಿ ಓದಿದರು. ಜೇಬಿನ ಪುಸ್ತಕ ತೆಗೆದು, ಕೊನೆಯ ಪುಟ ನೋಡಿದರು, ಗೋಡೆ ನೋಡಿದರು, ಮತ್ತೆ ಪುಟ ನೋಡಿದರು. ಪುಸ್ತಕ ಮುಚ್ಚಿದರು.

"ಹ್ಹ!" ಎಂದರು.

ಬೀದಿಗೆ ಅಷ್ಟು ಸಾಕಾಗಿತ್ತು. ಒಬ್ಬ ನಕ್ಕ, ಹತ್ತು ಜನ ನಕ್ಕರು, ಎರಡನೆಯ ಮಹಡಿಯಲ್ಲಿ ಸೀನಿದವನೂ ನಕ್ಕ. "ಸದ್ಯ, ಹಳೇ ಕಥೆನೇ!" ಎಂದು ಯಾರೋ ಎದೆಯ ಮೇಲೆ ಕೈಯಿಟ್ಟುಕೊಂಡರು. ಗಾಜಿನ ತೊಟ್ಟಿಯವನು ಅದರಲ್ಲಿದ್ದುದನ್ನು ಎಲ್ಲಿಗೆ ಸುರಿಯುವುದೆಂದು ಗಾಡಿಯಿದ್ದವರನ್ನು ಹುಡುಕತೊಡಗಿದ. ಕುಕ್ಕರಿನವನು ಹೆಂಡತಿಗೆ ಏನು ಹೇಳುವುದೆಂದು ಅಲ್ಲೇ ನಿಂತಿದ್ದ. ಒಂದು ಸ್ಕೂಟರು ಗುರ್ರೆಂದಿತು, ಅದಕ್ಕೆ ಇನ್ನೊಂದು ಉತ್ತರಿಸಿತು, ಅರ್ಧ ಗಂಟೆಯಲ್ಲಿ ಬೀದಿಯಲ್ಲಿ ಯಾರ ಮಾತೂ ಯಾರಿಗೂ ಕೇಳದಂತಾಯಿತು.

"ಗುರಿ ಬಹಳ ವಾಸ್ತವವಾಗಿದೆ ಸಾರ್," ಎಂದು ನಿರ್ದೇಶಕರು ಸಚಿವರ ಕಿವಿಯಲ್ಲಿ ಕೂಗಿದರು. "ಹಿಂದಿನವರ ಹಾಗಲ್ಲ."

"ಹಿಂದಿನವರ ಹಾಗೆ ನಾವು ಸುಮ್ಮನೆ ಹೇಳೋರಲ್ಲ," ಎಂದು ಸಚಿವರೂ ಕೂಗಿದರು. ಟ್ಯಾಕ್ಸಿ ಹತ್ತುವ ಮುನ್ನ ಏಣಿಯ ಕಡೆ ಕೈ ತೋರಿಸಿದರು. "ಇವನದೇನೋ ಕಡತ ಇದೆಯಂತೆ, ಇವನ ಭಾವಮೈದ ದಾರಿಯುದ್ದಕ್ಕೂ ಅದನ್ನೇ ಹೇಳಿದ. ಮುಗಿಸಿಬಿಡಿ."

ಮುಗಿಸಲು ಶುಕ್ರವಾರ ಮಧ್ಯಾಹ್ನವಾಯಿತು. ಮೇಲ್ವಿಚಾರಕರು ಒಂದು ಲಕೋಟೆ ಕೊಟ್ಟು, "ಮನೆಗೆ ತೋರಿಸ್ಕೊಂಡು ಐದರೊಳಗೆ ವಾಪಸ್ ತಂದುಕೊಡು. ಇರೋದು ಅದೊಂದೇ ಪ್ರತಿ," ಎಂದರು. ಗೆರೆಯಪ್ಪ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಹೆಂಡತಿ ಕೈ ಒರೆಸಿಕೊಂಡು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಾಗದ ಹಳದಿಯಾಗಿತ್ತು, ಟೈಪು ಮಾಸಿತ್ತು. ಸಹಿ ಇತ್ತು, ಮೊಹರು ಇತ್ತು. ಸಹಿ ಹಿಂದಿನ ನಿರ್ದೇಶಕರದು, ಅದರ ಕೆಳಗೆ ಈಗಿನವರದು.

"ಯಾವತ್ತಿನಿಂದ ಅಂತ ಇದೆ?"

"ಇವತ್ತಿನಿಂದಲೇ. ಇಲ್ಲಿ ನೋಡು, ತಾರೀಖು."

"ಇದು ಪೆನ್ಸಿಲಲ್ಲಿದೆ."

ಗೆರೆಯಪ್ಪ ಕಾಗದವನ್ನು ಇಸಿದುಕೊಂಡ. ಕಿಟಕಿಯ ಓರೆ ಬೆಳಕಿನಲ್ಲಿ ತಿರುಗಿಸಿದ. ತಾರೀಖಿನ ಕೆಳಗೆ ಇನ್ನೊಂದು ತಾರೀಖಿನ ನೆರಳಿತ್ತು, ಅದರ ಕೆಳಗೆ ಮತ್ತೊಂದರದು. ಎಣಿಸುತ್ತ ಹೋದ. ಒಂಬತ್ತು ಇದ್ದವು. ಒಂಬತ್ತು ವರ್ಷಗಳಿಂದ ಆದೇಶ ಸಿದ್ಧವಾಗಿಯೇ ಇತ್ತು. ಯಾರೋ ಪ್ರತಿ ವರ್ಷ ತಾರೀಖನ್ನು ಮಾತ್ರ ಅಳಿಸಿ, ಮುಂದಿನ ವರ್ಷದ್ದನ್ನು ಅಂದವಾಗಿ ಬರೆದಿಟ್ಟಿದ್ದರು. ಕೈಬರಹ ಮೇಲ್ವಿಚಾರಕರದು.

ಗೆರೆಯಪ್ಪ ಮಂಚದ ಕೆಳಗಿನಿಂದ ಒಂದು ಸಣ್ಣ ಡಬ್ಬಿಯನ್ನೂ ಅತಿ ತೆಳ್ಳನೆಯ ಕುಂಚವನ್ನೂ ತೆಗೆದು, ಕಿಟಕಿಯ ಕಟ್ಟೆಯ ಮೇಲೆ ಕಾಗದ ಹರಡಿದ. ಹೆಂಡತಿ ಉಸಿರು ತಾಗದಿರಲೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಳು.

ನಾಲ್ಕೂಮುಕ್ಕಾಲಿಗೆ ಕಾಗದ ಮೇಲ್ವಿಚಾರಕರ ಮೇಜಿನ ಮೇಲಿತ್ತು. ಅವರು ಕೆಟ್ಟ ಮನುಷ್ಯರೇನಲ್ಲ. ಅಭ್ಯಾಸದಂತೆ ಖಾನೆಯಿಂದ ರಬ್ಬರು ತೆಗೆದರು.

"ಹೇಗೂ ವಾರ ಮುಗೀತಲ್ಲಪ್ಪಾ. ತಾರೀಖು ಸೋಮವಾರಕ್ಕೆ ಹಾಕೋಣ."

"ಸೋಮವಾರಕ್ಕೆ ನನಗೆ ಐವತ್ತು ತುಂಬಿ ಎರಡು ದಿನ ಆಗಿರುತ್ತೆ ಸಾರ್."

"ಅದನ್ನ ಸೋಮವಾರ ನೋಡೋಣ," ಎಂದು ಅವರು ರಬ್ಬರು ಉಜ್ಜಿದರು. ಇನ್ನೊಮ್ಮೆ ಉಜ್ಜಿದರು. ರಬ್ಬರಿನ ಪುಡಿ ಬಿತ್ತೇ ಹೊರತು ತಾರೀಖು ಅಲುಗಲಿಲ್ಲ. ಬೆರಳು ಒದ್ದೆ ಮಾಡಿ ಸವರಿದರು, ಬೆರಳು ನೋಡಿಕೊಂಡರು. ಬೆರಳಿಗೆ ಏನೂ ಹತ್ತಿರಲಿಲ್ಲ. ಕನ್ನಡಕ ಮೇಲೇರಿಸಿ ಕಾಗದವನ್ನು ಮೂಗಿನ ಹತ್ತಿರ ತಂದವರು ವಾಸನೆ ಹಿಡಿದು ಹಿಂದಕ್ಕೆಳೆದುಕೊಂಡರು.

"ಇದೇನಯ್ಯಾ, ಹೋಗ್ತಾನೇ ಇಲ್ಲ?"

"ಆಯಿಲ್ ಪೇಂಟು ಸಾರ್," ಎಂದ ಗೆರೆಯಪ್ಪ. "ಅದಿಲ್ಲದೆ ಇನ್ನೂ ಸ್ವಲ್ಪ ದಿನ ಆಗಲ್ಲ."

ಮೇಲ್ವಿಚಾರಕರು ಕಿಟಕಿಯ ಹೊರಗಿನ ಗೋಡೆ ನೋಡಿದರು, ಗಡಿಯಾರ ನೋಡಿದರು, ಅವನನ್ನು ನೋಡಿದರು. ರಬ್ಬರನ್ನು ಖಾನೆಗೆ ಹಾಕಿ ಹಾಜರಿ ಪುಸ್ತಕ ತೆಗೆದರು. ಹೊಸ ಸಾಲಿನ ಮೇಲೆ ಪೆನ್ಸಿಲಿಟ್ಟು, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಕೇಳಿದರು:

"ನಿನ್ನ ಹೆಸರೇನಪ್ಪಾ?"

ಗೆರೆಯಪ್ಪ ಕಕ್ಕಾಬಿಕ್ಕಿಯಾದ. ಆ ಪ್ರಶ್ನೆಗೆ ಅವನೂ ಸ್ವಲ್ಪ ಯೋಚಿಸಬೇಕಾಯಿತು. ಆಮೇಲೆ ಮುಂದೆ ಬಂದು, ಮೇಲ್ವಿಚಾರಕರ ಬೆರಳುಗಳಿಂದ ಪೆನ್ಸಿಲನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟ. "ಇದು ಬೇಡ ಸಾರ್. ನಾನೇ ಬರೀತೀನಿ," ಎಂದ. ಜೇಬಿನಿಂದ ದಾರ ತೆಗೆದ, ಸೀಮೆಸುಣ್ಣ ಮೆತ್ತಿದ, ಹಾಜರಿ ಪುಸ್ತಕದ ಆ ತುದಿಯಿಂದ ಈ ತುದಿಗೆ ಬಿಗಿಯಾಗಿ ಎಳೆದು ಹಿಡಿದು, ಚಿಟ್ಟನೆ ಒಂದು ಗೆರೆ ಬಡಿದ.